ಸೈಬೀರಿಯನ್ ಹಸ್ಕಿ ಸಾಕುವುದು ಹೇಗೆ: ಸ್ವಭಾವ, ಓಟ, ಊಟ, ತುಪ್ಪಳ, ಬಿಸಿಲು

ನಮ್ಮ ಮನೆಯ ಹಸ್ಕಿಯ ಹೆಸರು ಮಲ್ಲಿ. ಅವಳು ಬಂದ ಮೂರನೇ ವಾರಕ್ಕೆ ಊರಿಂದ ಅಮ್ಮ ಬಂದರು. ಬಾಗಿಲು ತೆಗೆದ ಕೂಡಲೇ ಆ ಬೆಕ್ಕಿನ ಕಣ್ಣು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಇದೇನೋ, ನಾಯೀನೋ ತೋಳಾನೋ?" ಅಂದರು. ವಾರ ಕಳೆಯುವಷ್ಟರಲ್ಲಿ ಪ್ರಶ್ನೆ ಬದಲಾಯಿತು. "ನಾಯಿ ಅಂದ್ಮೇಲೆ ಕರೆದ್ರೆ ಬರ್ಬೇಕಲ್ವೇನೋ?"

ಈ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಾದರೆ ಹಸ್ಕಿ ಸಾಕುವುದು ಅರ್ಧ ಗೊತ್ತಾದಂತೆ. ಹಾಸನದ ಹತ್ತಿರ ನಮ್ಮ ಮನೆಯಲ್ಲಿ ಕರಿಯ ಎಂಬ ನಾಯಿ ಇದ್ದ, ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಹೊಸಬರು ಬಂದರೆ ಬೊಗಳುತ್ತಿದ್ದ, ಅಪ್ಪ ಗದರಿದರೆ ಸುಮ್ಮನಾಗುತ್ತಿದ್ದ. ನಾಯಿ ಎಂದರೆ ಇಷ್ಟೇ ಎಂದು ನಾನೂ ತಿಳಿದಿದ್ದೆ. ಈಗ ಆರು ವರ್ಷದಿಂದ ಅಮೆರಿಕದ ಮಿನೆಸೋಟದಲ್ಲಿ ಹಸ್ಕಿ ಜೊತೆ ಬದುಕುತ್ತಿದ್ದೇನೆ. ಕರಿಯನಿಂದ ಕಲಿತ ಯಾವ ಪಾಠವೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ನಾನು ಮಾಡಿದ ತಪ್ಪು ನೀವು ಮಾಡದಿರಲಿ ಎಂದು ಒಂದೊಂದೇ ಹೆಜ್ಜೆ ಬರೆಯುತ್ತಿದ್ದೇನೆ.

ಹೆಜ್ಜೆ 1: ಈ ನಾಯಿ ಯಾವ ಕೆಲಸಕ್ಕೆ ಹುಟ್ಟಿದ್ದು ಎಂದು ತಿಳಿದುಕೊಳ್ಳಿ

ಹಸ್ಕಿಯ ಮೂಲ ರಷ್ಯಾದ ಈಶಾನ್ಯ ತುದಿ, ಚುಕೋಟ್ಕಾ. ಅಲ್ಲಿನ ಚುಕ್ಚಿ ಜನ ಹಿಮದ ಮೇಲೆ ಸ್ಲೆಡ್ ಎಳೆಸಲು ಇವನ್ನು ಸಾಕಿದರು. ಸ್ಲೆಡ್ ಎಂದರೆ ಗಾಲಿಯಿಲ್ಲದೆ ಹಿಮದ ಮೇಲೆ ಜಾರುವ ಬಂಡಿ. ಆ ಕಡೆ ಬಂಡಿ ಎಳೆಯುವ ನಾಯಿಗಳು ಇಂದು ನಿನ್ನೆಯವಲ್ಲ. ಆರ್ಕ್ಟಿಕ್ ಸಮುದ್ರದ ಝೋಖೋವ್ ದ್ವೀಪದಲ್ಲಿ ಸಿಕ್ಕ ನಾಯಿಯ ಮೂಳೆ ಸುಮಾರು 9,500 ವರ್ಷ ಹಳೆಯದು. 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಅದನ್ನು ಇಂದಿನ ಬಂಡಿ ನಾಯಿಗಳ ನೆಂಟ ಎಂದು ತೋರಿಸಿತು.

ಚುಕ್ಚಿ ಜನಕ್ಕೆ ಬೇಕಿದ್ದದ್ದು ಭಾರೀ ಹೊರೆ ಎಳೆಯುವ ಗೂಳಿಯಂಥ ನಾಯಿ ಅಲ್ಲ. ಹಗುರ ಹೊರೆಯನ್ನು, ಹದವಾದ ವೇಗದಲ್ಲಿ, ತುಂಬಾ ದೂರ, ಸ್ವಲ್ಪವೇ ತಿಂದು ಎಳೆಯುವ ನಾಯಿ. ಚಿನ್ನ ಹುಡುಕುವವರಿಂದ ತುಂಬಿದ್ದ ಅಲಾಸ್ಕಾದ ನೋಮ್ ಪಟ್ಟಣಕ್ಕೆ 1908ರಲ್ಲಿ ಇವು ಬಂದಿಳಿದಾಗ ಜನ ಗಾತ್ರ ನೋಡಿ ನಕ್ಕರು. "ಸೈಬೀರಿಯದ ಇಲಿಗಳು" ಎಂದು ಹೆಸರಿಟ್ಟರು. 1910ರಲ್ಲಿ ಅಲ್ಲಿಯ 408 ಮೈಲಿಯ ದೊಡ್ಡ ಪಂದ್ಯವನ್ನು ಜಾನ್ ಜಾನ್ಸನ್ ಎಂಬಾತ ಇದೇ ಇಲಿಗಳನ್ನು ಕಟ್ಟಿಕೊಂಡು 74 ಗಂಟೆ ಚಿಲ್ಲರೆಯಲ್ಲಿ ಗೆದ್ದ. ಆಮೇಲೆ ಯಾರೂ ನಗಲಿಲ್ಲ.

ಅಲ್ಲಿಂದ ಹದಿನೈದು ವರ್ಷಕ್ಕೆ, 1925ರ ಜನವರಿಯಲ್ಲಿ, ನೋಮ್‌ನಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಕಾಣಿಸಿಕೊಂಡಿತು. ಹಡಗು ಬರುವಂತಿಲ್ಲ, ಸಮುದ್ರ ಹೆಪ್ಪುಗಟ್ಟಿದೆ. ನೆನಾನಾ ಎಂಬ ರೈಲು ನಿಲ್ದಾಣದಿಂದ 674 ಮೈಲಿ ದೂರಕ್ಕೆ 20 ಜನ ಬಂಡಿ ಓಡಿಸುವವರು ಕೈಯಿಂದ ಕೈಗೆ ಔಷಧ ದಾಟಿಸಿದರು. ಐದೂವರೆ ದಿನ ಹಿಡಿಯಿತು. ಕೊನೆಯ ಹಂತದ ಮುಂದಾಳು ನಾಯಿ ಬಾಲ್ಟೋಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಎದ್ದಿತು. ಆದರೆ ಎಲ್ಲರಿಗಿಂತ ಉದ್ದದ, ಅಪಾಯದ ಹಾದಿ ಓಡಿದ್ದು ಆ ಇಪ್ಪತ್ತು ಜನರಲ್ಲಿ ಒಬ್ಬರಾದ ಲಿಯೊನಾರ್ಡ್ ಸೆಪ್ಪಲಾ ಅವರ ನಾಯಿ ಟೋಗೋ. ಆಗ ಅದಕ್ಕೆ 12 ವರ್ಷ. ನಮ್ಮ ಲೆಕ್ಕದಲ್ಲಿ ಮುದಿ ನಾಯಿ, ತೂಕ ಸುಮಾರು 22 ಕೆಜಿ.

ಇದನ್ನೆಲ್ಲ ಕಥೆ ಚೆನ್ನಾಗಿದೆ ಅಂತ ಹೇಳಿದ್ದಲ್ಲ. ಮಲ್ಲಿ ತಲೆ ಕೆಡಿಸಿದಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಗುಣ ಹಿಮದ ಮೇಲೆ ಯಾಕೆ ಬೇಕಿತ್ತು? ಮುಂದಾಳು ನಾಯಿ ಯಜಮಾನ "ಎಡಕ್ಕೆ" ಅಂದ ಕೂಡಲೇ ತಿರುಗಿಬಿಟ್ಟರೆ, ಎಡಗಡೆ ಮಂಜುಗಡ್ಡೆ ತೆಳ್ಳಗಿದ್ದರೆ, ಬಂಡಿ, ನಾಯಿ, ಮನುಷ್ಯ ಎಲ್ಲರೂ ನೀರಿನ ಪಾಲು. ಹಾಗಾಗಿ ಮಾತು ಕೇಳಿಸಿಕೊಂಡು, ಒಂದು ಕ್ಷಣ ತಾನೇ ಯೋಚಿಸಿ, ಬೇಡ ಅನಿಸಿದರೆ ಬೇಡ ಅನ್ನುವ ನಾಯಿ ಉಳಿಯಿತು. ನಿಮ್ಮ ಅಂಗಳದಲ್ಲಿ ಅದೇ ನಾಯಿ ನೀವು ಕರೆದಾಗ ತಿರುಗಿ ನೋಡಿ, ಯೋಚಿಸಿ, ಬರುವುದಿಲ್ಲ ಎಂದು ತೀರ್ಮಾನಿಸುತ್ತದೆ. ಅದು ಹಟಮಾರಿ ಅಲ್ಲ, ದಡ್ಡ ಅಂತೂ ಅಲ್ಲವೇ ಅಲ್ಲ.

ಹೆಜ್ಜೆ 2: ನಿಮಗೆ ಹೊಂದುತ್ತದಾ ಎಂದು ನೋಡಿ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಸೈಬೀರಿಯನ್ ಹಸ್ಕಿ ನಡುಗಾತ್ರದ್ದು. ಗಂಡು 20ರಿಂದ 27 ಕೆಜಿ, ಹೆಣ್ಣು 16ರಿಂದ 23. ಅಲಾಸ್ಕನ್ ಮಲಮ್ಯೂಟ್ ನೋಡಲು ಅದರ ದೊಡ್ಡಣ್ಣನಂತೆ. ಗಂಡು 38 ಕೆಜಿ ಆಸುಪಾಸು ತೂಗುತ್ತದೆ, ಕಣ್ಣು ಯಾವಾಗಲೂ ಕಂದು. ಅಲಾಸ್ಕನ್ ಹಸ್ಕಿ ಎಂಬುದು ತಳಿಯೇ ಅಲ್ಲ, ಪಂದ್ಯಕ್ಕೆಂದು ಬೆರಕೆ ಮಾಡಿದ ನಾಯಿಗಳಿಗೆ ಇಟ್ಟ ಹೆಸರು. ಈ ಬರಹ ಮೊದಲನೆಯದರ ಬಗ್ಗೆ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ದಿನಾ ಒಂದೂವರೆ ಗಂಟೆ ಹೊರಗೆ ಇರಬಲ್ಲಿರಾ? ಮಳೆ, ಚಳಿ, ಆಫೀಸಿನ ಮೀಟಿಂಗ್ ಏನೇ ಇರಲಿ. ಅಂಗಳಕ್ಕೆ ಆರಡಿ ಬೇಲಿ ಇದೆಯಾ? ಮನೆಯಲ್ಲಿ ಬೆಕ್ಕು, ಮೊಲ, ಕೋಳಿ ಇದೆಯಾ? ಇದ್ದರೆ ಬೇಡ. ಚುಕೋಟ್ಕಾದಲ್ಲಿ ಬೇಸಿಗೆಗೆ ಬಿಟ್ಟಾಗ ಬೇಟೆಯಾಡಿ ಹೊಟ್ಟೆ ಹೊರೆದ ನಾಯಿಗಳ ಮಕ್ಕಳು ಇವು. ಬೆಕ್ಕಿನ ಜೊತೆಗೇ ಮರಿಯಿಂದ ಬೆಳೆದವು ಸುಧಾರಿಸಿಕೊಳ್ಳಬಹುದು, ಆದರೆ ಅದನ್ನು ನಂಬಿ ಮನೆ ಬಿಟ್ಟು ಹೋಗಲಾಗದು.

ಕಾವಲಿಗೆ ನಾಯಿ ಬೇಕು ಅನ್ನುವವರು ಇಲ್ಲೇ ಓದು ನಿಲ್ಲಿಸಬಹುದು. ಹಸ್ಕಿಗೆ ಎಲ್ಲ ಮನುಷ್ಯರೂ ಬಂಧುಗಳೇ. ಗ್ಯಾಸ್ ರಿಪೇರಿಯವನು ಬಂದಾಗ ಮಲ್ಲಿ ಬಾಯಲ್ಲಿ ಚಪ್ಪಲಿ ಕಚ್ಚಿಕೊಂಡು ಹೋಗಿ ಉಡುಗೊರೆ ಕೊಟ್ಟಳು. ಅದೂ ನನ್ನ ಚಪ್ಪಲಿ.

ಮಕ್ಕಳ ಜೊತೆ? ತುಂಬಾ ಚೆನ್ನಾಗಿರುತ್ತವೆ. ಆದರೆ ಚಿಕ್ಕ ಮಕ್ಕಳ ಕೈಗೆ ಲೀಶ್, ಅಂದರೆ ನಾಯಿ ಹಿಡಿಯುವ ಹಗ್ಗ, ಕೊಡಬೇಡಿ. ಎಳೆಯುವುದಕ್ಕೇ ಹುಟ್ಟಿದ ನಾಯಿ, ಮಗು ಸ್ಲೆಡ್ ಆಗಿಬಿಡುತ್ತದೆ.

ಒಂಟಿತನ ಇದಕ್ಕೆ ಆಗುವುದಿಲ್ಲ. ಗುಂಪಿನಲ್ಲಿ ಓಡಿ ಗುಂಪಿನಲ್ಲಿ ಮಲಗಿದ ಜಾತಿ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ಬರುವ ಮನೆಯಲ್ಲಿ ಅದು ಊಳಿಡುತ್ತದೆ, ಸೋಫಾ ಬಿಚ್ಚುತ್ತದೆ, ಗೋಡೆಯ ಮೂಲೆ ಕೆರೆಯುತ್ತದೆ. ಊಳು ಎಂದರೆ ನಮ್ಮೂರಲ್ಲಿ ಅಪಶಕುನ. ಅಮ್ಮ ಮೊದಲ ರಾತ್ರಿ ಎದ್ದು ದೇವರ ದೀಪ ಹಚ್ಚಿದರು. ಬೊಗಳುವುದು ಕಡಿಮೆ, ಊಳಿಡುವುದು ಜಾಸ್ತಿ, ಮತ್ತು ಮನುಷ್ಯರ ಥರ ಗೊಣಗುವುದು ಇನ್ನೂ ಜಾಸ್ತಿ. ಇದು ಈ ತಳಿಯ ಮಾತು, ಕಾಯಿಲೆಯಲ್ಲ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

ಹೆಜ್ಜೆ 3: ಮರಿಯೋ, ದೊಡ್ಡದೋ?

ಮರಿ ಹಸ್ಕಿ ನೋಡಿ ಮನಸ್ಸು ಕರಗದವರು ಯಾರೂ ಇಲ್ಲ. ಅದೇ ಅಪಾಯ. ಎಂಟು ತಿಂಗಳಿಗೆ ಅದು ಹದಿಹರೆಯದ ರಾಕ್ಷಸ ಆಗುತ್ತದೆ. ಆಗಲೇ ಜನ ಕೈಬಿಡುವುದು. ಹಾಗೆ ಕೈಬಿಟ್ಟ ನಾಯಿಗಳು ಎಲ್ಲ ಊರಿನ ಆಶ್ರಯ ಕೇಂದ್ರಗಳಲ್ಲೂ ಸಿಗುತ್ತವೆ. ಮಲ್ಲಿ ನಮಗೆ ಮೂರು ವರ್ಷದವಳಾಗಿ ಅಂಥ ಕಡೆಯಿಂದಲೇ ಬಂದಳು. ಮೊದಲ ಸಲ ಹಸ್ಕಿ ಸಾಕುವವರಿಗೆ ನನ್ನ ಸಲಹೆ ಇದೇ: ಎರಡು ವರ್ಷ ದಾಟಿದ್ದನ್ನು ತನ್ನಿ. ಅದರ ಸ್ವಭಾವ ಆಗಲೇ ಕಣ್ಣಿಗೆ ಕಾಣುತ್ತದೆ.

ಮರಿಯೇ ಬೇಕೆಂದರೆ ತಂದೆ ತಾಯಿ ನಾಯಿಗಳ ಕಣ್ಣಿನ ತಪಾಸಣೆಯ ಮತ್ತು ಸೊಂಟದ ಕೀಲಿನ ಎಕ್ಸ್‌ರೇ ವರದಿ ಕೇಳಿ. ಕಣ್ಣೇ ಈ ತಳಿಯ ದುರ್ಬಲ ಜಾಗ. ಚಿಕ್ಕ ವಯಸ್ಸಿನ ಪೊರೆ, ಕಾರ್ನಿಯಾ ಮಸುಕಾಗುವುದು, ರೆಟಿನಾ ಕ್ರಮೇಣ ಸೊರಗುವುದು ವಂಶದಲ್ಲಿ ಬರುತ್ತವೆ. ನೀಲಿ ಕಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ನೀಲಿ ಕಣ್ಣಿನ ಕಾರಣ ಒಂದು ವಂಶವಾಹಿಯ ಪಕ್ಕದ ತುಣುಕು ನಕಲಾಗಿ ಎರಡಾಗಿರುವುದು ಎಂದು 2018ರಲ್ಲಿ ಗೊತ್ತಾಯಿತು. ನೀಲಿ ಕಣ್ಣಿಗೆ ಜಾಸ್ತಿ ದುಡ್ಡು ಕೇಳುವವರ ಹತ್ತಿರ ಮರಿ ತರಬೇಡಿ. ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಿ ಕೊಡುವವರ ಹತ್ತಿರವೂ ಬೇಡ.

ಹೆಜ್ಜೆ 4: ತಪ್ಪಿಸಿಕೊಳ್ಳದಂತೆ ಮನೆ ಸಿದ್ಧ ಮಾಡಿ

ಟೋಗೋನನ್ನು ಸೆಪ್ಪಲಾ ಮರಿಯಲ್ಲಿ ಇದು ಬಂಡಿಗೆ ಆಗುವುದಿಲ್ಲ ಎಂದು ಯಾರಿಗೋ ಕೊಟ್ಟುಬಿಟ್ಟಿದ್ದರು. ಅದು ಆ ಮನೆಯ ಕಿಟಕಿಯ ಗಾಜು ಒಡೆದು ಹಾರಿ, ಮೈಲಿಗಟ್ಟಲೆ ಓಡಿ ವಾಪಸ್ ಬಂತು. ಹಸ್ಕಿ ತಂದವರು ಈ ಪ್ರಸಂಗವನ್ನು ಬಾಗಿಲ ಮೇಲೆ ಬರೆದು ಅಂಟಿಸಬೇಕು.

ನಾನು ಅಂಟಿಸಿರಲಿಲ್ಲ. ಮಲ್ಲಿ ಬಂದ ಹತ್ತನೇ ದಿನ ಕೊರಿಯರ್ ಪೆಟ್ಟಿಗೆ ತೆಗೆದುಕೊಳ್ಳಲು ಬಾಗಿಲನ್ನು ಒಂದು ಗೇಣು ತೆರೆದೆ. ಮಂಡಿಯ ಪಕ್ಕದಲ್ಲಿ ಗಾಳಿ ಬೀಸಿದಂತಾಯಿತು, ಅಷ್ಟೇ. ನಾನು ಹಿಂದೆ ಓಡಿದೆ. ಅವಳು ಇದೇನೋ ಆಟ ಎಂದುಕೊಂಡು ಇನ್ನೂ ಜೋರಾಗಿ ಓಡಿದಳು. ಐದು ಗಂಟೆ ಬಿಟ್ಟು ಮೂರು ಮೈಲಿ ಆಚೆ ಯಾರದೋ ಹಿತ್ತಲಲ್ಲಿ ಸಿಕ್ಕಳು. ಆ ಮನೆಯ ಅಜ್ಜ ಅವಳಿಗೆ ಹುರಿದ ಕೋಳಿ ತಿನ್ನಿಸುತ್ತಾ ಕೂತಿದ್ದರು.

ಅಂದು ಕಲಿತದ್ದು ಇಷ್ಟು. ಬೇಲಿ ಕನಿಷ್ಠ ಆರಡಿ. ಬೇಲಿಯ ಬುಡದಲ್ಲಿ ತಂತಿ ಜಾಲರಿಯನ್ನು ಒಳಗಡೆಗೆ ಎರಡಡಿ ಮಡಚಿ ನೆಲದಲ್ಲಿ ಹೂಳಿ, ಏಕೆಂದರೆ ಹಾರಲಾಗದ್ದನ್ನು ಅದು ತೋಡಿ ದಾಟುತ್ತದೆ. ಬೇಲಿ ಪಕ್ಕ ಕುರ್ಚಿ, ಡಬ್ಬ, ಸೌದೆ ರಾಶಿ ಇಡಬೇಡಿ, ಅದಕ್ಕೆ ಮೆಟ್ಟಿಲಾಗುತ್ತದೆ. ಮುಂಬಾಗಿಲ ಒಳಗೆ ಮಕ್ಕಳಿಗೆ ಹಾಕುವಂಥ ಇನ್ನೊಂದು ಗೇಟ್ ಹಾಕಿ. ಮಾಮೂಲಿ ಕಾಲರ್‌ನಿಂದ ಹಸ್ಕಿ ಹಿಂದಕ್ಕೆ ಸರಿದು ತಲೆ ಬಿಡಿಸಿಕೊಳ್ಳುತ್ತದೆ. ಎಳೆದರೆ ಹದವಾಗಿ ಬಿಗಿಯುವ ಮಾರ್ಟಿಂಗೇಲ್ ಕಾಲರ್ ಹಾಕಿ. ಚರ್ಮದ ಕೆಳಗೆ ಕೂರಿಸುವ ಗುರುತಿನ ಮೈಕ್ರೋಚಿಪ್ ಹಾಕಿಸಿ, ಚಿಪ್‌ನಲ್ಲಿ ಈಗಿನ ಫೋನ್ ನಂಬರ್ ಇದೆಯಾ ಎಂದು ವರ್ಷಕ್ಕೊಮ್ಮೆ ನೋಡಿ.

ತಪ್ಪಿಸಿಕೊಂಡರೆ? ಬೆನ್ನಟ್ಟಬೇಡಿ. ಉಲ್ಟಾ ದಿಕ್ಕಿಗೆ ಓಡಿ, ಕೂಗಾಡುತ್ತಾ, ಬಿದ್ದು ಹೊರಳಾಡಿದರೂ ಸರಿ. ಕುತೂಹಲ ತಡೆಯದೆ ಬರುತ್ತದೆ. ಎರಡನೇ ಸಲ ಓಡಿಹೋದಾಗ ನಾನು ಕಾರಿನ ಬಾಗಿಲು ತೆಗೆದು "ಹೋಗೋಣ್ವಾ?" ಅಂದೆ. ಬಂದು ಹತ್ತಿ ಕೂತಳು.

ತೋಡುವುದನ್ನು ನಿಲ್ಲಿಸಲಾಗದು. ಹಿಮದಲ್ಲಿ ಗುಂಡಿ ತೋಡಿ, ಸುರುಳಿ ಸುತ್ತಿ, ಬಾಲದಿಂದ ಮೂಗು ಮುಚ್ಚಿ ಮಲಗುವ ನಾಯಿ ಇದು. ಬೇಸಿಗೆಯಲ್ಲಿ ತಂಪು ಮಣ್ಣಿಗಾಗಿ ತೋಡುತ್ತದೆ. ಅಂಗಳದ ಒಂದು ಮೂಲೆಯನ್ನು ಅದಕ್ಕೇ ಬಿಟ್ಟುಕೊಡಿ, ಅಲ್ಲಿ ಮೂಳೆ ಹೂತಿಡಿ. ಉಳಿದ ಗುಲಾಬಿ ಗಿಡ ಬದುಕಬಹುದು.

ಹೆಜ್ಜೆ 5: ತರಬೇತಿ

ಹಸ್ಕಿ ಎರಡನೇ ಸಲಕ್ಕೇ ಪಾಠ ಕಲಿಯುತ್ತದೆ. ನಾಲ್ಕನೇ ಸಲ ಹೇಳಿದರೆ ಬೇಸರದಿಂದ ಆಕಳಿಸುತ್ತದೆ. ಹಾಗಾಗಿ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಒಂದೇ ಮಾತನ್ನು ಹತ್ತು ಸಲ ಹೇಳಬೇಡಿ. "ಕೂತ್ಕೋ" ಅಂದು ಸುಮ್ಮನೆ ಕಾಯಿರಿ. ಕೂತರೆ ಬೇಯಿಸಿದ ಕೋಳಿಯ ಚೂರು. ಬಿಸ್ಕತ್ತಿಗೆ ಕೆಲಸ ಮಾಡುವ ಜಾತಿಯಲ್ಲ ಇದು, ಕೂಲಿ ಸರಿಯಾಗಿ ಕೊಡಿ.

ಹೊಡೆತ, ಗದರಿಕೆ ಪ್ರಯೋಜನವಿಲ್ಲ. ಹೆದರಿಸಿದರೆ ಹಸ್ಕಿ ಬಗ್ಗುವುದಿಲ್ಲ, ನಿಮ್ಮಿಂದ ದೂರವಾಗುತ್ತದೆ. ಏನನ್ನಾದರೂ ಕಚ್ಚಿಕೊಂಡಿದ್ದರೆ ಕಿತ್ತುಕೊಳ್ಳಬೇಡಿ, ಅದಕ್ಕಿಂತ ರುಚಿಯಾದ್ದನ್ನು ಕೊಟ್ಟು ಬದಲಾಯಿಸಿಕೊಳ್ಳಿ. ಮರಿಯಾದರೆ ಮೂರರಿಂದ ಹದಿನಾಲ್ಕನೇ ವಾರದವರೆಗಿನ ಕಾಲ ಬಂಗಾರದಂಥದ್ದು. ಆಗ ನೋಡಿದ ಜನ, ಕೇಳಿದ ಸದ್ದು, ತುಳಿದ ನೆಲದ ಬಗ್ಗೆ ಮುಂದೆ ಭಯ ಇರುವುದಿಲ್ಲ. ಲಸಿಕೆ ಮುಗಿಯುವ ತನಕ ಕೈಯಲ್ಲಿ ಎತ್ತಿಕೊಂಡಾದರೂ ತೋರಿಸಿ ಬನ್ನಿ.

ಕರೆದರೆ ಬರುವುದನ್ನು ಕಲಿಸಿ. ಆದರೆ ಬೇಲಿಯಿಲ್ಲದ ಜಾಗದಲ್ಲಿ ಲೀಶ್ ಬಿಚ್ಚಬೇಡಿ, ಎಂದೂ. ಆರು ವರ್ಷದಲ್ಲಿ ಮಲ್ಲಿ ಕರೆದ ಕೂಡಲೇ ಬಂದದ್ದು ನೂರಕ್ಕೆ ತೊಂಬತ್ತು ಸಲ ಇರಬಹುದು. ಉಳಿದ ಹತ್ತರಲ್ಲಿ ಒಂದು ಸಲ ಅಡ್ಡ ಹೆದ್ದಾರಿ ಇದ್ದರೆ?

ಹೆಜ್ಜೆ 6: ಎಳೆಯಲು ಬಿಡಿ

ಇದನ್ನು ನಾನು ಎರಡು ವರ್ಷ ತಡವಾಗಿ ಕಲಿತೆ. ವಾಕಿಂಗ್‌ನಲ್ಲಿ ಎಳೆಯಬೇಡ, ಎಳೆಯಬೇಡ ಎಂದು ದಿನಾ ಜಗಳ. ಒಂದು ಚಳಿಗಾಲ ಡುಲುತ್ ಕಡೆ ಹೋದೆವು. ಸುಪೀರಿಯರ್ ಸರೋವರದ ಆ ದಂಡೆಯಲ್ಲಿ ಪ್ರತಿ ವರ್ಷ ಜಾನ್ ಬೇರ್‌ಗ್ರೀಸ್ ಹೆಸರಿನ ಬಂಡಿ ನಾಯಿಗಳ ಪಂದ್ಯ ನಡೆಯುತ್ತದೆ. ಬೇರ್‌ಗ್ರೀಸ್ ಅಲ್ಲಿನ ಮೂಲನಿವಾಸಿ ಅನಿಶಿನಾಬೆ ಜನಾಂಗದವರು, 19ನೇ ಶತಮಾನದ ಕೊನೆಯಲ್ಲಿ ಅದೇ ದಂಡೆಯ ಉದ್ದಕ್ಕೂ ಟಪಾಲು ಹಂಚುತ್ತಿದ್ದವರು. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನಾಯಿ ಬಂಡಿ. ಪಂದ್ಯ ಶುರುವಾಗುವ ಮೊದಲು ನಾಯಿಗಳು ಹಾರ್ನೆಸ್, ಅಂದರೆ ಎಳೆಯಲು ಮೈಗೆ ಕಟ್ಟುವ ಪಟ್ಟಿ, ನೋಡಿ ಕುಣಿಯುವುದು, ಕಿರುಚುವುದು, ಹಗ್ಗ ಹರಿಯುವ ಹಾಗೆ ಜಗ್ಗುವುದನ್ನು ಕಂಡೆ. ಪಕ್ಕದಲ್ಲಿ ನಿಂತಿದ್ದ, ನಾಯಿ ಓಡಿಸುವ ಹಿರಿಯ ಹೆಂಗಸು ನನ್ನ ದೂರು ಕೇಳಿ ನಕ್ಕರು. "ಮೀನಿಗೆ ಈಜಬೇಡ ಅಂತೀಯಲ್ಲಪ್ಪ" ಎನ್ನುವ ಅರ್ಥದಲ್ಲಿ ಏನೋ ಹೇಳಿದರು.

ಹಿಮ, ಸ್ಲೆಡ್ ಎರಡೂ ಇಲ್ಲದೆ ಎಳೆಸಬಹುದು. ನಿಮ್ಮ ಸೊಂಟಕ್ಕೆ ಅಗಲ ಬೆಲ್ಟ್, ನಾಯಿಗೆ ಎಳೆಯುವ ಹಾರ್ನೆಸ್, ನಡುವೆ ಎರಡು ಮೀಟರ್ ಉದ್ದದ ಹಿಗ್ಗುವ ಹಗ್ಗ. ನಾಯಿ ಮುಂದೆ, ನೀವು ಹಿಂದೆ ಓಡಬೇಕು. ಇದನ್ನು ಕ್ಯಾನಿಕ್ರಾಸ್ ಅನ್ನುತ್ತಾರೆ. ಕಲಿಸುವ ಕ್ರಮ ಹೀಗೆ:

1. ಮೂಳೆ ಬಲಿಯುವ ತನಕ ಕಾಯಿರಿ. ಒಂದರಿಂದ ಒಂದೂವರೆ ವರ್ಷ. ಪಶುವೈದ್ಯರು ಸರಿ ಅನ್ನಲಿ.

2. ಬೆನ್ನ ಮೇಲೆ ಪಟ್ಟಿಗಳು ಅಡ್ಡಡ್ಡ ಹಾಯುವ ಹಾರ್ನೆಸ್ ಕೊಳ್ಳಿ. ಭಾರ ಗಂಟಲ ಮೇಲೆ ಬೀಳದೆ ಎದೆಯ ಮೂಳೆಯ ಮೇಲೆ ಬೀಳಬೇಕು. ವಾಕಿಂಗ್‌ಗೆ ಬೇರೆಯದೇ ಪಟ್ಟಿ ಇಡಿ. ಇದು ಸಣ್ಣ ವಿಷಯ ಅನಿಸಬಹುದು, ನಮ್ಮ ಜಗಳ ಮುಗಿದದ್ದು ಇದರಿಂದಲೇ. ಈ ಪಟ್ಟಿ ಹಾಕಿದರೆ ಎಳೆಯುವ ಕೆಲಸ, ಆ ಪಟ್ಟಿ ಹಾಕಿದರೆ ಜೊತೆಗೆ ನಡೆಯುವ ಕೆಲಸ. ಎರಡು ವಾರದಲ್ಲಿ ಮಲ್ಲಿಗೆ ವ್ಯತ್ಯಾಸ ಗೊತ್ತಾಯಿತು.

3. ಮೊದಲ ವಾರ ಎರಡು ಕೆಜಿಯಷ್ಟು ಸೌದೆ ತುಂಡು ಕಟ್ಟಿ ಎಳೆಸಿ, ಪಕ್ಕದಲ್ಲೇ ನಡೆಯಿರಿ. ಹಿಂದಿನಿಂದ ಬರುವ ಸದ್ದಿಗೆ ಅಂಜಿಕೆ ಹೋಗಬೇಕು.

4. ಮಾತು ಕಲಿಸಿ. ಬಂಡಿ ಓಡಿಸುವವರು ಹೊರಡು ಎನ್ನಲು "ಹೈಕ್", ಬಲಕ್ಕೆ "ಜೀ", ಎಡಕ್ಕೆ "ಹಾ", ನಿಲ್ಲು ಎನ್ನಲು "ವೋ", ಅಳಿಲು ನೋಡದೆ ಮುಂದೆ ನಡಿ ಎನ್ನಲು "ಆನ್ ಬೈ" ಅನ್ನುತ್ತಾರೆ. ಕನ್ನಡದಲ್ಲೂ ಆಗುತ್ತದೆ. ಮಲ್ಲಿಗೆ "ಬಲ", "ಎಡ", "ನಿಲ್ಲು" ಗೊತ್ತು. ತಿರುಗುವ ಕ್ಷಣದಲ್ಲೇ ಪದ ಹೇಳಿ, ಮುಂಚೆಯಲ್ಲ, ಆಮೇಲೂ ಅಲ್ಲ.

5. ಒಂದು ಕಿಲೋಮೀಟರ್‌ನಿಂದ ಶುರು ಮಾಡಿ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಊಟಕ್ಕೂ ಓಟಕ್ಕೂ ನಡುವೆ ಎರಡು ಮೂರು ಗಂಟೆ ಬಿಡಿ. ನೀರು ಮಾತ್ರ ಕೊಡುತ್ತಿರಿ.

ಹವೆ ಹತ್ತು ಹನ್ನೆರಡು ಡಿಗ್ರಿ ದಾಟಿದರೆ ನಾನು ಎಳೆಸುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದಕ್ಕೂ ಮುಂಚೆ ನಿಲ್ಲಿಸುತ್ತೇನೆ. ಹಾಗಾಗಿ ಕರ್ನಾಟಕದಲ್ಲಿ ಈ ಹೆಜ್ಜೆ ಹೆಚ್ಚುಕಡಿಮೆ ಅಸಾಧ್ಯ. ಆ ಮಾತಿಗೆ ಮುಂದೆ ಬರುತ್ತೇನೆ. ಹಿಮದಲ್ಲಿ ಓಡಿ ಬಂದ ಮೇಲೆ ಬೆರಳ ಸಂದಿಯ ಮಂಜಿನ ಗಟ್ಟಿ ತೆಗೆಯಿರಿ, ರಸ್ತೆಗೆ ಸುರಿದ ಉಪ್ಪು ಹೋಗುವಂತೆ ಪಾದ ತೊಳೆಯಿರಿ.

ಹೆಜ್ಜೆ 7: ಊಟ

ಹಸ್ಕಿ ಗಾತ್ರಕ್ಕೆ ಹೋಲಿಸಿದರೆ ಕಡಿಮೆ ತಿನ್ನುತ್ತದೆ. ಮನೆಯಲ್ಲಿರುವ 22 ಕೆಜಿ ನಾಯಿಗೆ ದಿನಕ್ಕೆ ಸುಮಾರು 1,100 ಕ್ಯಾಲೊರಿ ಸಾಕು. ಹೆಚ್ಚುಕಡಿಮೆ ಅದೇ ಗಾತ್ರದ ಬಂಡಿ ನಾಯಿ ಅಲಾಸ್ಕಾದ ಇಡಿಟರಾಡ್‌ನಂಥ ಪಂದ್ಯದಲ್ಲಿ 10,000 ಕ್ಯಾಲೊರಿ ಸುಡುತ್ತದೆ. ಅದರ ಬಹುಪಾಲು ಕೊಬ್ಬಿನಿಂದ ಬರುತ್ತದೆ. ನಿಮ್ಮ ನಾಯಿ ಯಾವುದೆಂದು ಮರೆಯಬೇಡಿ.

ಒಂದು ಹೊತ್ತು ಬಿಡುವುದು, ಬೇಸಿಗೆಯಲ್ಲಿ ಅರ್ಧಕ್ಕೆ ಏಳುವುದು ಇವಕ್ಕೆ ಮಾಮೂಲು. ಅಮ್ಮನಿಗೆ ಇದು ಸಹಿಸಲಾಗಲಿಲ್ಲ. "ಪಾಪ, ನೆನ್ನೆಯಿಂದ ಏನೂ ತಿಂದಿಲ್ಲ" ಎಂದು ತುಪ್ಪದನ್ನ ಕಲಸಿ ಇಟ್ಟರು. ಒಂದೇ ವಾರಕ್ಕೆ ಮಲ್ಲಿ ತನ್ನ ಊಟ ಮೂಸುವುದನ್ನೂ ಬಿಟ್ಟು ತುಪ್ಪಕ್ಕೆ ಕಾಯತೊಡಗಿದಳು. ತಟ್ಟೆ ಇಡಿ, ಇಪ್ಪತ್ತು ನಿಮಿಷ ಬಿಡಿ, ತೆಗೆಯಿರಿ. ಚಟುವಟಿಕೆಯಿಂದ ಇದ್ದರೆ ಚಿಂತೆ ಬೇಡ. ವಾಂತಿ, ಮಂಕು, ಎರಡು ದಿನದ ಉಪವಾಸ ಇದ್ದರೆ ವೈದ್ಯರ ಹತ್ತಿರ ಹೋಗಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು. ಅದೇ ಸರಿಯಾದ ಮೈ.

ಕನ್ನಡಿಗರ ಮನೆಗೆ ಮುಖ್ಯವಾದ ಒಂದು ಮಾತು. ಹಸ್ಕಿ ಮತ್ತು ಮಲಮ್ಯೂಟ್‌ಗಳಲ್ಲಿ ಕೆಲವಕ್ಕೆ ಊಟದ ಸತುವನ್ನು, ಅಂದರೆ ಜಿಂಕನ್ನು, ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಣ್ಣು, ಬಾಯಿಯ ಸುತ್ತ ಕೂದಲು ಉದುರಿ ಹಕ್ಕಳೆ ಕಟ್ಟುತ್ತದೆ. ಧಾನ್ಯದಲ್ಲಿರುವ ಫೈಟೇಟ್ ಮತ್ತು ಹೆಚ್ಚಿನ ಕ್ಯಾಲ್ಸಿಯಂ ಸತುವನ್ನು ಇನ್ನಷ್ಟು ತಡೆಯುತ್ತವೆ. ರಾಗಿಯಲ್ಲಿ ಇವೆರಡೂ ಇವೆ. ನಮಗೆ ಒಳ್ಳೆಯದಾದ ರಾಗಿ ಅಂಬಲಿ ಇದಕ್ಕೆ ದಿನದ ಊಟವಾಗಬಾರದು. ಮಾಂಸ, ಮೀನು, ಮೊಟ್ಟೆ ಮುಖ್ಯವಾಗಿರಲಿ, ಇಲ್ಲವೇ ಒಳ್ಳೆಯ ಡ್ರೈ ಫುಡ್ ಹಾಕಿ. ಆದರೆ ಹಕ್ಕಳೆ ಕಂಡ ಕೂಡಲೇ ನೀವಾಗಿಯೇ ಜಿಂಕ್ ಮಾತ್ರೆ ಹಾಕಬೇಡಿ, ಹೆಚ್ಚಾದರೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವ ನಾಯಿಗೂ ಬೇಡ. ಹಾಗಾಗಿ ಪಾಯಸ, ಹುಳಿ, ಪಲ್ಯ ಮೂರೂ ರದ್ದು.

ಹೆಜ್ಜೆ 8: ತುಪ್ಪಳ

ಹಸ್ಕಿಗೆ ಎರಡು ಪದರ. ಒಳಗೆ ಹತ್ತಿಯಂಥ ಒತ್ತಾದ ತುಪ್ಪಳ, ಹೊರಗೆ ನೀರು ತಡೆಯುವ ನೇರ ಕೂದಲು. ವಾರಕ್ಕೆರಡು ಸಲ ಬಾಚಿದರೆ ಸಾಕು. ಆದರೆ ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ ಒಳಪದರ ಇಡಿಯಾಗಿ ಕಳಚುತ್ತದೆ. ಆ ಮೂರು ನಾಲ್ಕು ವಾರ ಮನೆಯಲ್ಲಿ ಹತ್ತಿ ಹಿಂಜುವವರು ಬಿಡಾರ ಹೂಡಿದಂತೆ ಇರುತ್ತದೆ. ಆಗ ದಿನಾ ಹೊರಗೆ ಕೂರಿಸಿ, ಉದ್ದ ಹಲ್ಲಿನ ಅಂಡರ್‌ಕೋಟ್ ರೇಕ್‌ನಿಂದ ಕೂದಲು ಬೆಳೆದ ದಿಕ್ಕಿಗೇ ಬಾಚಿ. ತೊಡೆಯ ಹಿಂದೆ ಮತ್ತು ಕಿವಿಯ ಬುಡದಲ್ಲಿ ಗಂಟು ಕಟ್ಟುತ್ತದೆ, ಅಲ್ಲಿ ನಿಧಾನ.

ಸ್ನಾನ ವರ್ಷಕ್ಕೆ ಮೂರು ನಾಲ್ಕು ಸಲ ಸಾಕು. ಬೆಕ್ಕಿನ ಹಾಗೆ ತಾನೇ ನೆಕ್ಕಿಕೊಳ್ಳುತ್ತದೆ, ನಾಯಿ ವಾಸನೆಯೂ ಕಡಿಮೆ. ಸ್ನಾನದ ಮೇಲೆ ಒಳಪದರ ಪೂರ್ತಿ ಒಣಗಬೇಕು. ಇಲ್ಲದಿದ್ದರೆ ಚರ್ಮ ಕೊಳೆತು ಹುಣ್ಣಾಗುತ್ತದೆ.

ಬೋಳಿಸಬೇಡಿ. ಸೆಖೆಗೆ ಪಾಪ ಎಂದು ಮಿಷನ್ ಹಾಕಿಸುವವರು ತುಂಬಾ ಜನ. ಆ ಪದರ ಬಿಸಿಲಿನ ಕಾವನ್ನೂ ಚರ್ಮದಿಂದ ದೂರ ಇಡುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಮತ್ತು ಈ ಜಾತಿಯಲ್ಲಿ ಕೂದಲು ತಿಂಗಳುಗಟ್ಟಲೆ ವಾಪಸ್ ಬರುವುದಿಲ್ಲ, ಕೆಲವೊಮ್ಮೆ ಮೊದಲಿನಂತೆ ಬರುವುದೇ ಇಲ್ಲ.

ಹೆಜ್ಜೆ 9: ಬಿಸಿಲು, ಮತ್ತು ಬೆಂಗಳೂರಿನ ಪ್ರಶ್ನೆ

ಮಿನೆಸೋಟದಲ್ಲೂ ಜುಲೈನಲ್ಲಿ 30 ಡಿಗ್ರಿ ದಾಟುತ್ತದೆ. ಆ ದಿನಗಳಲ್ಲಿ ಮಲ್ಲಿ ಬೆಳಿಗ್ಗೆ ಆರಕ್ಕೆ ಮುಂಚೆ ಹೊರಗೆ ಹೋಗಿ ಬಂದು, ಇಡೀ ದಿನ ಏಸಿಯ ಕೆಳಗೆ ಟೈಲ್ಸ್ ಮೇಲೆ ಹೊಟ್ಟೆ ಒತ್ತಿ ಮಲಗುತ್ತಾಳೆ. ನಾಯಿಗೆ ನಮ್ಮಂತೆ ಬೆವರುವ ಮೈ ಇಲ್ಲ, ಏದುಸಿರೇ ಅದರ ಬೆವರು.

ಬೆಂಗಳೂರಿನ ನೆಂಟರು ಫೋನ್ ಮಾಡಿ "ನಮ್ಮ ಫ್ಲಾಟಿಗೂ ಒಂದು ತರೋಣ ಅಂತ" ಅಂದಾಗ ನನ್ನ ಉತ್ತರ ಒಂದೇ: ಕೊಳ್ಳಬೇಡಿ. 2016ರಲ್ಲಿ ಕೇಂದ್ರ ಸರ್ಕಾರ ವ್ಯಾಪಾರಕ್ಕೆಂದು ನಾಯಿ ಆಮದು ಮಾಡುವುದನ್ನು ನಿರ್ಬಂಧಿಸಿತು. ಆದರೆ ಇಲ್ಲೇ ಮರಿ ಮಾಡಿ ಮಾರುವುದು ನಿಂತಿಲ್ಲ. ನೀವು ಕೊಂಡ ಪ್ರತಿ ಮರಿಯೂ ಇನ್ನೊಂದು ಮರಿಯನ್ನು ಹುಟ್ಟಿಸುತ್ತದೆ. ಯಾರೋ ಕೈಬಿಟ್ಟದ್ದನ್ನು ಸಾಕಿಕೊಳ್ಳುವುದಾದರೆ ಅದು ಬೇರೆ ಮಾತು. ಈಗಾಗಲೇ ಮನೆಯಲ್ಲಿದ್ದರೆ ಅದಕ್ಕೂ ಬದುಕು ಬೇಕಲ್ವಾ, ಹೀಗೆ ಮಾಡಿ.

ಒಂದು ಕೋಣೆಗೆ ಏಸಿ ಇರಲಿ. ಕಲಬುರಗಿ, ಬಳ್ಳಾರಿಯ ಒಣ ಸೆಖೆಗೆ ನೀರಿನ ಕೂಲರ್ ಸ್ವಲ್ಪ ತಂಪು ಕೊಡುತ್ತದೆ, ಆದರೆ ಆ 40 ಡಿಗ್ರಿಯಲ್ಲಿ ಅದೊಂದನ್ನೇ ನಂಬಬೇಡಿ. ಮಂಗಳೂರು, ಕಾರವಾರದ ಜಿಗುಟು ಸೆಖೆಗೆ ಕೂಲರ್ ಉಪಯೋಗವಿಲ್ಲ, ತೇವ ಹೆಚ್ಚಿಸಿ ಏದುಸಿರನ್ನೂ ಕೆಡಿಸುತ್ತದೆ. ನಡಿಗೆ ಸೂರ್ಯ ಹುಟ್ಟುವ ಮೊದಲು ಮತ್ತು ರಾತ್ರಿ ಊಟದ ಹೊತ್ತಿಗೆ. ಅಂಗೈ ಹಿಂಭಾಗವನ್ನು ರಸ್ತೆಗೆ ಐದು ಸೆಕೆಂಡ್ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಓಟಕ್ಕೆ ಬದಲು ಮೂಗಿಗೆ ಕೆಲಸ ಕೊಡಿ: ಊಟವನ್ನು ತಟ್ಟೆಗೆ ಹಾಕದೆ ಬಟ್ಟೆಯ ಸುರುಳಿಗಳಲ್ಲಿ, ರಟ್ಟಿನ ಡಬ್ಬಗಳಲ್ಲಿ ಬಚ್ಚಿಟ್ಟು ಹುಡುಕಿಸಿ. ಮಳೆಗಾಲದಲ್ಲಿ ರಕ್ತ ಹೀರುವ ಉಣ್ಣೆ ಹುಳ ಈ ತುಪ್ಪಳದೊಳಗೆ ಕಣ್ಣಿಗೆ ಕಾಣದೆ ಕೂರುತ್ತದೆ. ದಿನಾ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಾಲರ್ ಕೆಳಗೆ ಬೆರಳಾಡಿಸಿ. ಉಣ್ಣೆಯಿಂದ ಬರುವ ಜ್ವರ ನಾಯಿಯನ್ನು ಕೊಲ್ಲಬಲ್ಲದು.

ಶಾಖಾಘಾತ ಗುರುತಿಸಲು ಕಲಿಯಿರಿ. ನಿಲ್ಲದ ಏದುಸಿರು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಡುವ ಕಾಲು, ವಾಂತಿ. ನಾಯಿಯ ಮಾಮೂಲಿ ಮೈಬಿಸಿ 38ರಿಂದ 39.2 ಡಿಗ್ರಿ. 41ಕ್ಕೆ ಹತ್ತಿರವಾದರೆ ಜೀವಕ್ಕೆ ಅಪಾಯ. ಕೂಡಲೇ ನೆರಳಿಗೆ ತಂದು, ಮೈತುಂಬಾ ನೀರು ಸುರಿದು, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಕಾವನ್ನು ಒಳಗೇ ಹಿಡಿಯುತ್ತದೆ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಸುಧಾರಿಸಿದಂತೆ ಕಂಡರೂ ಹೋಗಲೇಬೇಕು, ಒಳಗಿನ ಅಂಗಾಂಗದ ಪೆಟ್ಟು ಮರುದಿನ ಗೊತ್ತಾಗುತ್ತದೆ.

ಹೆಜ್ಜೆ 10: ಊರಿಗೆ ಹೋಗುವಾಗ

ಹಸ್ಕಿ 12ರಿಂದ 14 ವರ್ಷ ಬದುಕುತ್ತದೆ. ಅಷ್ಟರಲ್ಲಿ ಮದುವೆ, ಮುಂಜಿ, ಅಪ್ಪನ ಆಪರೇಷನ್ ಎಂದು ವಿದೇಶದಲ್ಲಿರುವವರು ಹತ್ತಾರು ಸಲ ಊರಿಗೆ ಹೋಗಬೇಕಾಗುತ್ತದೆ. ನಾಯಿಯನ್ನು ಏಪ್ರಿಲ್ ಬಿಸಿಲಿಗೆ ಕರೆತರುವ ಯೋಚನೆ ಬಿಡಿ. ಎತ್ತರದ ಬೇಲಿ ಇರುವ, ಹಸ್ಕಿ ಸಾಕಿ ಗೊತ್ತಿರುವ ಮನೆಯನ್ನು ಮೊದಲೇ ಹುಡುಕಿ, ಎರಡು ರಾತ್ರಿ ಬಿಟ್ಟು ಪರೀಕ್ಷಿಸಿ. ಜೊತೆಗೆ ಒಂದು ಹಾಳೆ ಬರೆದು ಕೊಡಿ. ನಾನು ಕೊಡುವ ಹಾಳೆಯಲ್ಲಿ ವೈದ್ಯರ ನಂಬರ್, ಲಸಿಕೆಯ ದಿನಾಂಕ, ಊಟದ ಅಳತೆ ಆದ ಮೇಲೆ ಹೀಗಿದೆ:

ಒಂದು ಬಾಗಿಲು ಮುಚ್ಚಿದೆ ಎಂದು ನೋಡಿಕೊಂಡು ಇನ್ನೊಂದು ತೆಗೆಯಿರಿ. ರಾತ್ರಿ ಒಂಬತ್ತಕ್ಕೆ ಊಳಿಡುತ್ತಾಳೆ, ನೀವೂ ಜೊತೆಗೆ ಊಳಿಟ್ಟರೆ ಬೇಗ ಮುಗಿಯುತ್ತದೆ. ತಿನ್ನದಿದ್ದರೆ ಬಲವಂತ ಬೇಡ, ತುಪ್ಪ ಅಂತೂ ಬೇಡವೇ ಬೇಡ. ಓಡಿಹೋದರೆ ಹಿಂದೆ ಓಡಬೇಡಿ, ಕಾರಿನ ಬಾಗಿಲು ತೆಗೆಯಿರಿ. ಕಳ್ಳ ಬಂದರೆ ಬೊಗಳುವುದಿಲ್ಲ. ಬೀಗ ನೀವೇ ಹಾಕಿಕೊಳ್ಳಿ.